ಲೆಕ್ಕಕ್ಕಿಂತ ನಿದ್ದೆ ಮುಖ್ಯ: ಸ್ವಂತ ಕ್ಯಾಲ್ಕುಲೇಟರ್‌ಗೆ ಮೈಕ್ರೋಕಂಟ್ರೋಲರ್ ಆರಿಸುವುದು ಹೇಗೆ?

ಕಿರಾಣಿ ಅಂಗಡಿಯ ಗಲ್ಲಾದ ಪಕ್ಕ ಇರುವ ಕ್ಯಾಲ್ಕುಲೇಟರನ್ನು ಹತ್ತು ನಿಮಿಷ ಸುಮ್ನೆ ಗಮನಿಸಿ. ಗಿರಾಕಿ ಬರುತ್ತಾರೆ. ಅಂಗಡಿಯವರು ಟಕಟಕ ಅಂತ ಹತ್ತು ಹದಿನೈದು ಕೀ ಒತ್ತುತ್ತಾರೆ, ಮೊತ್ತ ಹೇಳುತ್ತಾರೆ, ಮುಗಿಯಿತು. ಮುಂದಿನ ಗಿರಾಕಿ ಬರುವವರೆಗೆ ಅದು ಕೊನೆಯ ಮೊತ್ತ ತೋರಿಸುತ್ತಾ ಕಾಯುತ್ತಾ ಕೂರುತ್ತದೆ. ಎಷ್ಟೇ ಚುರುಕಾದ ಬೆರಳಾದರೂ ಎರಡು ಕೀಗಳ ನಡುವೆ ಸೆಕೆಂಡಿನ ಐದನೇ ಒಂದು ಭಾಗವಾದರೂ ಹೋಗುತ್ತದೆ. 8 ಮೆಗಾಹರ್ಟ್ಸ್‌ನಲ್ಲಿ ಓಡುವ ಹಳೆಯ 8 ಬಿಟ್ ಮೈಕ್ರೋಕಂಟ್ರೋಲರ್‌ಗೂ (ಪ್ರೊಸೆಸರ್, ಮೆಮೊರಿ ಎಲ್ಲ ಒಂದೇ ಚಿಪ್‌ನಲ್ಲಿ ಇರುವ ಪುಟ್ಟ ಕಂಪ್ಯೂಟರ್) ಅಷ್ಟು ಹೊತ್ತಿನಲ್ಲಿ 16 ಲಕ್ಷ ಕ್ಲಾಕ್ ಸಿಗುತ್ತವೆ. ಒಂದು ಸೈನ್ ಬೆಲೆ ಕಂಡುಹಿಡಿಯಲು ಅದರಲ್ಲಿ ಒಂದು ಚೂರು ಸಾಕು.

ಸ್ವಂತ ಕೈಯಿಂದ ಕ್ಯಾಲ್ಕುಲೇಟರ್ ಕಟ್ಟಬೇಕು ಅಂತ ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು, "ಯಾವ ಚಿಪ್ ಜಾಸ್ತಿ ಫಾಸ್ಟ್?" ಅಂತ. ಎಷ್ಟು ಮೆಗಾಹರ್ಟ್ಸ್, ಎಷ್ಟು ಕೋರ್ ಅಂತ ಹೋಲಿಸುತ್ತಾ ಕೂರುತ್ತಾರೆ. ಆದರೆ ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಮಾಡುವುದು ಚಿಪ್‌ನ ಸಣ್ಣ ಕೆಲಸ. ದೊಡ್ಡ ಕೆಲಸ ಕಾಯುವುದು. ದಿನದ 24 ಗಂಟೆಯಲ್ಲಿ ಅದು ಎಚ್ಚರ ಇರುವುದು ಕೆಲವು ಸೆಕೆಂಡು ಮಾತ್ರ. ಹಾಗಾಗಿ ಚಿಪ್ ಎಷ್ಟು ಚೆನ್ನಾಗಿ ನಿದ್ದೆ ಮಾಡುತ್ತದೆ ಅನ್ನುವುದನ್ನು ಮೊದಲು ನೋಡಬೇಕು. ಆಮೇಲೆ ಅಂಕಿಗಳನ್ನು ಹೇಗೆ ಹಿಡಿದಿಡುತ್ತೀರಿ, ಯಾವ ಪರದೆ, ಎಷ್ಟು ಕೀ. ಇಷ್ಟು ತೀರ್ಮಾನವಾದ ಮೇಲೆ ಉಳಿಯುವ ಚಿಪ್‌ಗಳು ನಾಲ್ಕೈದೇ.

ಬ್ಯಾಟರಿಯಿಂದ ಶುರು ಮಾಡೋಣ. ಎಲ್ಲ ಕಡೆ ಸಿಗುವ ಸಿಆರ್2032 ಬಟನ್ ಸೆಲ್‌ನಲ್ಲಿ ಸುಮಾರು 220 ಮಿಲಿ ಆಂಪಿಯರ್ ಅವರ್ ಇರುತ್ತದೆ. ಅಂದರೆ ನಿಮ್ಮ ಸರ್ಕ್ಯೂಟ್ ಬಿಡದೆ 1 ಮಿಲಿ ಆಂಪಿಯರ್ ಎಳೆದರೆ 220 ಗಂಟೆ. ಒಂಬತ್ತು ದಿನಕ್ಕೆ ಸೆಲ್ ಖಾಲಿ. ಅದೇ 1 ಮೈಕ್ರೋ ಆಂಪಿಯರ್ ಎಳೆದರೆ 2,20,000 ಗಂಟೆ, ಅಂದರೆ 25 ವರ್ಷ. ಅಷ್ಟರೊಳಗೆ ಸೆಲ್ ತಾನಾಗಿಯೇ ಮುಪ್ಪಾಗಿ ಹೋಗಿರುತ್ತದೆ.

ಈಗ ಕೆಲಸದ ಖರ್ಚನ್ನೂ ಸೇರಿಸಿ. ದಿನಕ್ಕೆ 500 ಕೀ ಒತ್ತುತ್ತೀರಿ ಅಂತ ಇಟ್ಟುಕೊಳ್ಳಿ. ಪ್ರತಿ ಸಲ ಚಿಪ್ 20 ಮಿಲಿ ಸೆಕೆಂಡ್ ಎದ್ದು, 2 ಮಿಲಿ ಆಂಪಿಯರ್ ಎಳೆದು, ಮತ್ತೆ ಮಲಗುತ್ತದೆ. ಒಟ್ಟು ಎಚ್ಚರ ಇದ್ದದ್ದು 10 ಸೆಕೆಂಡ್. ಖರ್ಚು 5.6 ಮೈಕ್ರೋ ಆಂಪಿಯರ್ ಅವರ್. ಅದೇ ದಿನ ನಿದ್ದೆಯಲ್ಲಿ, ಬರೀ 1 ಮೈಕ್ರೋ ಆಂಪಿಯರ್‌ನಂತೆ, 24 ಮೈಕ್ರೋ ಆಂಪಿಯರ್ ಅವರ್ ಖರ್ಚಾಗಿರುತ್ತದೆ. ಇಷ್ಟು ಕಡಿಮೆ ಎಳೆಯುವ ಚಿಪ್‌ನಲ್ಲೂ ನಿದ್ದೆಯ ಖರ್ಚು ಕೆಲಸದ ಖರ್ಚಿನ ನಾಲ್ಕು ಪಟ್ಟು! ಲೆಕ್ಕವನ್ನು ಎರಡು ಪಟ್ಟು ಬೇಗ ಮುಗಿಸುವ ಚಿಪ್ ತಂದರೆ ಉಳಿಯುವುದು ಮೂರು ಮೈಕ್ರೋ ಆಂಪಿಯರ್ ಅವರ್‌ಗೂ ಕಡಿಮೆ.

ಇದೇ ಅಳತೆಗೋಲು ಹಿಡಿದು ರಾಸ್ಪ್‌ಬೆರಿ ಪೈ ಪಿಕೊ ಬೋರ್ಡ್ ನೋಡಿ. 2021ರಲ್ಲಿ ಬಂದ ಇದರ ಆರ್‌ಪಿ2040 ಚಿಪ್‌ನಲ್ಲಿ ಎರಡು ಕೋರ್, 133 ಮೆಗಾಹರ್ಟ್ಸ್, 264 ಕಿಲೋಬೈಟ್ ರ‍್ಯಾಮ್ ಇವೆ. ಬಂದಾಗ ಬೆಲೆ 4 ಡಾಲರ್ ಇತ್ತು. ಕಲಿಯಲು ಇಷ್ಟು ಸಲೀಸಾದ ಬೋರ್ಡ್ ಇನ್ನೊಂದು ನನಗೆ ಗೊತ್ತಿಲ್ಲ. ಆದರೆ ಗಾಢ ನಿದ್ದೆಯಲ್ಲೂ ಬೋರ್ಡ್ ಸುಮಾರು 0.8 ಮಿಲಿ ಆಂಪಿಯರ್ ಎಳೆಯುತ್ತದೆ. ಬಟನ್ ಸೆಲ್ ಹಾಕಿದರೆ ಹನ್ನೊಂದು ದಿನ, ಅದೂ ಒಂದೇ ಒಂದು ಕೀ ಒತ್ತದೆ. ಇದು ಚಿಪ್‌ನ ದೋಷ ಅಲ್ಲ. ಅದನ್ನು ಮಾಡಿದ್ದೇ ಬೇರೆ ಕೆಲಸಕ್ಕೆ. ಸ್ವಿಚ್ ಇಟ್ಟು ಪೂರ್ತಿ ಆಫ್ ಮಾಡುವ ಹಾಗಿದ್ದರೆ, ಅಥವಾ ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿ ಹಾಕುವ ಹಾಗಿದ್ದರೆ, ಧಾರಾಳವಾಗಿ ಬಳಸಿ.

ವೈಫೈ ಒಳಗೇ ಇರುವ ಇಎಸ್‌ಪಿ32 ಚಿಪ್ ವಿಷಯದಲ್ಲಿ ಇನ್ನೊಂದು ತೊಡಕಿದೆ. ಚಿಪ್ ಆಳದ ನಿದ್ದೆಯಲ್ಲಿ ಹತ್ತು ಮೈಕ್ರೋ ಆಂಪಿಯರ್ ಆಸುಪಾಸು ಎಳೆಯುತ್ತದೆ, ಅದು ಪರವಾಗಿಲ್ಲ. ಆದರೆ ಅದು ಕೂತಿರುವ ಅಗ್ಗದ ಬೋರ್ಡ್‌ಗಳಲ್ಲಿ ವೋಲ್ಟೇಜ್ ರೆಗ್ಯುಲೇಟರ್, ಯುಎಸ್‌ಬಿ ಚಿಪ್, ಪವರ್ ಎಲ್‌ಇಡಿ ಎಲ್ಲ ಸೇರಿ ಹಲವು ಮಿಲಿ ಆಂಪಿಯರ್ ತಿನ್ನುತ್ತವೆ. ಎದ್ದಾಗ ಹತ್ತಾರು ಮಿಲಿ ಆಂಪಿಯರ್, ವೈಫೈ ಹಚ್ಚಿದರೆ ಕ್ಷಣಕ್ಕೆ 200ಕ್ಕೂ ಜಾಸ್ತಿ. ಬಟನ್ ಸೆಲ್‌ನಿಂದ ಅಷ್ಟು ಕರೆಂಟ್ ಬರುವುದೇ ಇಲ್ಲ. ವೋಲ್ಟೇಜ್ ಕುಸಿದು ಚಿಪ್ ರೀಸೆಟ್ ಆಗುತ್ತದೆ. ಕ್ಯಾಲ್ಕುಲೇಟರ್‌ಗೆ ವೈಫೈ ಯಾಕೆ ಬೇಕು ಅಂತ ಒಮ್ಮೆ ಕೇಳಿಕೊಂಡರೆ ಈ ಚಿಪ್ ಪಟ್ಟಿಯಿಂದ ತಾನಾಗಿಯೇ ಜಾರುತ್ತದೆ.

ಡೇಟಾಶೀಟ್ (ತಯಾರಕರು ಚಿಪ್‌ನ ವಿವರಗಳನ್ನು ಕೊಡುವ ಕಡತ) ಓದುವಾಗ ಇಲ್ಲೊಂದು ಎಚ್ಚರ ಬೇಕು. ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿರುವ ಅತಿ ಕಡಿಮೆ ಕರೆಂಟ್ ಬಹಳ ಸಲ ರ‍್ಯಾಮ್ ಅಳಿಸಿಹೋಗುವ ನಿದ್ದೆಯದ್ದು. ನಿಮಗೆ ಬೇಕಾದ್ದು ರ‍್ಯಾಮ್ ಉಳಿದು, ಯಾವುದೇ ಕೀ ಒತ್ತಿದರೂ ಎಚ್ಚರವಾಗುವ ನಿದ್ದೆ. ಎಸ್‌ಟಿಎಂ32ಎಲ್476 ಅನ್ನುವ ಚಿಪ್‌ನಲ್ಲಿ ಅದಕ್ಕೆ ಸ್ಟಾಪ್ 2 ಅಂತ ಹೆಸರು. 128 ಕಿಲೋಬೈಟ್ ರ‍್ಯಾಮ್ ಉಳಿಸಿಕೊಂಡೂ ಅದು ಎಳೆಯುವುದು ಒಂದು ಮೈಕ್ರೋ ಆಂಪಿಯರ್ ಚಿಲ್ಲರೆ. ಎಂಎಸ್‌ಪಿ430 ಅನ್ನುವ ಚಿಪ್ ಕುಟುಂಬದಲ್ಲಿ ಎಲ್‌ಪಿಎಂ3 ಅನ್ನುವ ಹಂತ ನೋಡಿ. ಎಟಿಮೆಗಾ328ಪಿ ಪವರ್-ಡೌನ್‌ನಲ್ಲಿ 1.8 ವೋಲ್ಟ್‌ಗೆ 0.1 ಮೈಕ್ರೋ ಆಂಪಿಯರ್‌ನಷ್ಟೇ ಎಳೆಯುತ್ತದೆ. ಹೌದು, ಕಲಿಯುವವರು ಬಳಸುವ ಆರ್ಡುಯಿನೊ ಊನೊ ಬೋರ್ಡ್‌ನಲ್ಲಿ ಇರುವ ಅದೇ ಚಿಪ್. ಬೋರ್ಡ್‌ನಿಂದ ಬಿಡಿಸಿ ಒಂಟಿಯಾಗಿ ಬಳಸಿದರೆ ಅದು ಎಷ್ಟು ಮಿತವ್ಯಯಿ ಅಂತ ಗೊತ್ತಾಗುತ್ತದೆ.

ಈಗ ಅಂಕಿಗಳ ವಿಷಯಕ್ಕೆ ಬರೋಣ. ನನಗೆ ಈ ಇಡೀ ಹವ್ಯಾಸದಲ್ಲಿ ಅತಿ ಪ್ರೀತಿಯ ಭಾಗ ಇದು.

ಒಂದು ಊನೊ ಬೋರ್ಡ್ ತಗೊಳ್ಳಿ. ಎರಡು ಸಾಲಿನ ಪ್ರೋಗ್ರಾಂ ಬರೆಯಿರಿ. ಒಂದು ಡಬಲ್ ವೇರಿಯಬಲ್‌ನಲ್ಲಿ (ದಶಮಾಂಶ ಸಂಖ್ಯೆ ಇಡುವ ಜಾಗ) 1,67,77,216 ಇಟ್ಟು ಅದಕ್ಕೆ 1 ಕೂಡಿಸಿ, ಉತ್ತರ ಪ್ರಿಂಟ್ ಮಾಡಿ. 1,67,77,217 ಬರಬೇಕು ಅಲ್ವಾ? ಬರುವುದು 1,67,77,216. ಒಂದು ರೂಪಾಯಿ ಮಾಯ. ಎಷ್ಟು ಸಲ ಒಂದೊಂದೇ ರೂಪಾಯಿ ಸೇರಿಸಿದರೂ ಮೊತ್ತ ಅಲ್ಲಾಡುವುದಿಲ್ಲ.

ಕಾರಣ ಇಷ್ಟೇ. ಆ ಬೋರ್ಡ್‌ನಲ್ಲಿ ಡಬಲ್ ಅಂತ ಬರೆದರೂ ಸಿಗುವುದು ಅದರ ಚಿಕ್ಕ ರೂಪವಾದ 4 ಬೈಟ್‌ನ ಫ್ಲೋಟ್. ಅದರಲ್ಲಿ ಅಂಕಿಗೆ ಇರುವ ಜಾಗ 24 ಬಿಟ್. 2ರ 24ನೇ ಘಾತ ಅಂದರೆ 1,67,77,216. ಅಲ್ಲಿಂದ ಮುಂದೆ ಬಿಡಿ ಸ್ಥಾನ ಹಿಡಿಸುವುದಿಲ್ಲ. ದಶಮಾನದ ಲೆಕ್ಕದಲ್ಲಿ ಆರೇಳು ಅಂಕಿ ಮಾತ್ರ ನಂಬಬಹುದು. ಅಂಗಡಿಯ ಸಾದಾ ಕ್ಯಾಲ್ಕುಲೇಟರ್ ಕೂಡ ಹನ್ನೆರಡು ಅಂಕಿ ತೋರಿಸುತ್ತದೆ. ಹಾಗಾಗಿ ಫ್ಲೋಟ್ ಬಳಸಿ ಮಾಡಿದ್ದು ಆಟಿಕೆಯಾಗಿ ಸರಿ, ಕ್ಯಾಲ್ಕುಲೇಟರ್ ಅನ್ನಿಸಿಕೊಳ್ಳಲಾರದು.

8 ಬೈಟ್‌ನ ನಿಜವಾದ ಡಬಲ್ ಬಳಸಿದರೆ 15-16 ಅಂಕಿ ಸಿಗುತ್ತವೆ. ಹತ್ತು ಅಂಕಿ ತೋರಿಸಿ ಉಳಿದದ್ದನ್ನು ಹಿಂದೆ ಬಚ್ಚಿಟ್ಟರೆ ಬಹಳಷ್ಟು ಕೆಲಸ ನಡೆಯುತ್ತದೆ. ಆದರೂ ಒಂದು ಮುಳ್ಳು ಉಳಿಯುತ್ತದೆ. 0.1 ಅನ್ನುವ ಪುಟ್ಟ ಸಂಖ್ಯೆಯನ್ನು ಬೈನರಿಯಲ್ಲಿ ಪೂರ್ತಿ ಬರೆಯಲು ಆಗುವುದೇ ಇಲ್ಲ. ನಾವು ಮೂರನೇ ಒಂದನ್ನು 0.3333 ಅಂತ ಮುಗಿಯದೆ ಬರೆಯುತ್ತಾ ಹೋಗುತ್ತೇವಲ್ಲ, ಹಾಗೆ. ಅದಕ್ಕೇ ಡಬಲ್‌ನಲ್ಲಿ 0.1 ಮತ್ತು 0.2 ಕೂಡಿಸಿದರೆ 0.30000000000000004 ಬರುತ್ತದೆ. ಪರದೆಯಲ್ಲಿ ಕಾಣದಿದ್ದರೂ ಒಳಗೆ ಇರುತ್ತದೆ. ಉತ್ತರದಿಂದ 0.3 ಕಳೆದಾಗ ಸೊನ್ನೆ ಬರಬೇಕಾದಲ್ಲಿ ವಿಚಿತ್ರವಾದ ಪುಡಿ ಸಂಖ್ಯೆ ಎದ್ದು ಬರುತ್ತದೆ. ಬಳಸುವವರಿಗೆ ಆ ಯಂತ್ರದ ಮೇಲೆ ನಂಬಿಕೆ ಹೋಗುವುದು ಅಲ್ಲೇ.

ಕ್ಯಾಲ್ಕುಲೇಟರ್ ಮಾಡಿದ ಹಿರಿಯರು ಇದನ್ನು ಮೊದಲೇ ಬಗೆಹರಿಸಿಕೊಂಡಿದ್ದರು. ಅವರು ಬೈನರಿಗೆ ಬದಲಾಯಿಸುವ ಗೋಜಿಗೇ ಹೋಗಲಿಲ್ಲ. ಒಂದೊಂದು ದಶಮಾನ ಅಂಕಿಗೂ ನಾಲ್ಕು ನಾಲ್ಕು ಬಿಟ್ ಕೊಟ್ಟು ಹಾಗೇ ಇಟ್ಟರು. ಇದಕ್ಕೆ ಬಿಸಿಡಿ ಅನ್ನುತ್ತಾರೆ. 1971ರಲ್ಲಿ ಬಂದ ಇಂಟೆಲ್ 4004 ಹುಟ್ಟಿದ್ದೇ ಜಪಾನಿನ ಬಿಸಿಕಾಂ ಕಂಪನಿಯ ಕ್ಯಾಲ್ಕುಲೇಟರ್‌ಗಾಗಿ. ನಾಲ್ಕು ಬಿಟ್ ಇದ್ದರೆ ಒಂದು ಅಂಕಿಗೆ ಸರಿಯಾಗಿ ಸಾಕಾಗುತ್ತದೆ. 1972ರ ಎಚ್‌ಪಿ-35 ಕ್ಯಾಲ್ಕುಲೇಟರ್‌ನ ಒಳಗೆ 56 ಬಿಟ್‌ನ ರಿಜಿಸ್ಟರ್‌ಗಳಿದ್ದವು. ಅಂದರೆ 14 ಅಂಕಿ. ಮುಖ್ಯ ಅಂಕಿಗೆ ಹತ್ತು, ಉಳಿದವು ಘಾತಕ್ಕೆ, ಚಿಹ್ನೆಗಳಿಗೆ.

ಚಿಪ್ ಆರಿಸುವುದಕ್ಕೂ ಇದಕ್ಕೂ ಏನು ಸಂಬಂಧ? ಇದೆ. ಬಿಸಿಡಿಯಲ್ಲಿ ಕೂಡುವಾಗ 7 ಮತ್ತು 5 ಕೂಡಿದರೆ ಚಿಪ್‌ಗೆ ಹನ್ನೆರಡು ಅನ್ನುವ ಬಿಟ್ ಮಾದರಿ ಸಿಗುತ್ತದೆ. ಅದನ್ನು "2, ದಶಕ 1" ಅಂತ ಸರಿಪಡಿಸಬೇಕು. 8051 ಅನ್ನುವ ಹಳೆಯ ಚಿಪ್‌ನಲ್ಲಿ ಇದಕ್ಕೆ ಡಿಎ ಅನ್ನುವ ಸೂಚನೆ (ಚಿಪ್‌ಗೆ ಕೊಡುವ ಒಂದು ಆಜ್ಞೆ) ಇದೆ. ಎಂಎಸ್‌ಪಿ430ಯಲ್ಲಿ ಇನ್ನೂ ಚೆಂದ. ಅದರ ಡಿಎಡಿಡಿ ಅನ್ನುವ ಒಂದೇ ಸೂಚನೆ ನಾಲ್ಕು ದಶಮಾನ ಅಂಕಿಗಳನ್ನು ಒಟ್ಟಿಗೆ, ದಶಕ ಸಮೇತ ಕೂಡಿಬಿಡುತ್ತದೆ. ಹನ್ನೆರಡು ಅಂಕಿಯ ಎರಡು ಸಂಖ್ಯೆ ಕೂಡಲು ಅಂಥ ಮೂರು ಸೂಚನೆ ಸಾಕು. ಸಾಲಾಗಿ ಮೂರು ಡಿಎಡಿಡಿ ಬರೆದು, ಚಿಪ್ ಒಳಗಿನ ಸಂಖ್ಯೆಯನ್ನು ಡಿಬಗ್ಗರ್‌ನಲ್ಲಿ ತೆರೆದು ನೋಡಿದರೆ, ಪರದೆ ಮೇಲೆ ಬರಬೇಕಾದ ಅಂಕಿಗಳೇ ಸಾಲಾಗಿ ನಿಂತಿರುತ್ತವೆ. ಬದಲಾವಣೆ ಏನೂ ಬೇಡ. ನನಗೆ ಅದನ್ನು ನೋಡುವುದೇ ಒಂದು ಖುಷಿ.

ಎಟಿಮೆಗಾ ಸೇರಿದ ಎವಿಆರ್ ಕುಟುಂಬದಲ್ಲಿ, ಎಸ್‌ಟಿಎಂ32 ಒಳಗಿನ ಆರ್ಮ್ ಕಾರ್ಟೆಕ್ಸ್‌ನಲ್ಲಿ ಇಂಥ ಸೂಚನೆ ಇಲ್ಲ. ಇಲ್ಲದಿದ್ದರೆ ಕೆಲಸ ನಿಲ್ಲುವುದಿಲ್ಲ, ಸಾಫ್ಟ್‌ವೇರ್‌ನಲ್ಲಿ ಮಾಡಬೇಕು ಅಷ್ಟೆ. ಡೆಕ್‌ನಂಬರ್ ಅನ್ನುವ ಸಿ ಲೈಬ್ರರಿ ಇದೆ, ಇಂಟೆಲ್‌ನ ದಶಮಾನ ಲೈಬ್ರರಿ ಇದೆ. 34 ಅಂಕಿಯವರೆಗೂ ನಿಖರ ಲೆಕ್ಕ ಕೊಡುತ್ತವೆ. ಇವು ಪ್ರೋಗ್ರಾಂ ಕೂರುವ ಫ್ಲ್ಯಾಶ್ ಮೆಮೊರಿ ತಿನ್ನುತ್ತವೆ, ಅದರಲ್ಲೂ ಇಂಟೆಲ್‌ನದು ಜಾಸ್ತಿ. ಇಂಟೆಲ್‌ನದನ್ನು ಬಳಸುವುದಾದರೆ 32 ಕಿಲೋಬೈಟ್ ಚಿಪ್ ಮರೆತುಬಿಡಿ.

ಇನ್ನೊಂದು ಮಾತು. "ಈ ಚಿಪ್‌ನಲ್ಲಿ ಎಫ್‌ಪಿಯು ಇದೆ" (ಫ್ಲೋಟ್‌ನಂಥ ಸಂಖ್ಯೆಗಳ ಲೆಕ್ಕಕ್ಕೇ ಇರುವ ಭಾಗ) ಅಂತ ಓದಿ ಮರುಳಾಗಬೇಡಿ. ಕಾರ್ಟೆಕ್ಸ್-ಎಂ4ರ ಎಫ್‌ಪಿಯು 4 ಬೈಟ್‌ನ ಫ್ಲೋಟ್‌ಗೆ ಮಾತ್ರ. ಮೇಲೆ ಒಂದು ರೂಪಾಯಿ ನುಂಗಿದ ಅದೇ ಫ್ಲೋಟ್. ಡಬಲ್‌ಗೂ ದಶಮಾನಕ್ಕೂ ಅದರಿಂದ ಉಪಯೋಗವಿಲ್ಲ. ಗ್ರಾಫ್ ಬಿಡಿಸುವಾಗ ಮಾತ್ರ ಕೆಲಸಕ್ಕೆ ಬರಬಹುದು.

ಸೈನ್, ಕೊಸೈನ್, ಲಾಗ್ ಬೇಕೆಂದರೆ ಗುಣಾಕಾರ ಬಲ್ಲ ಚಿಪ್ಪೇ ಬೇಕು ಅಂತಲೂ ಇಲ್ಲ. ಕಾರ್ಡಿಕ್ ಅನ್ನುವ ವಿಧಾನವನ್ನು 1959ರಲ್ಲಿ ಜ್ಯಾಕ್ ವೋಲ್ಡರ್ ಪ್ರಕಟಿಸಿದರು. ಕೂಡುವುದು, ಕಳೆಯುವುದು, ಸ್ಥಾನ ಸರಿಸುವುದು, ಜೊತೆಗೆ ಒಂದು ಸಣ್ಣ ಪಟ್ಟಿ. ಇಷ್ಟರಲ್ಲೇ ಕೋನಗಳ ಲೆಕ್ಕ ಮುಗಿಯುತ್ತದೆ. ಎಚ್‌ಪಿ-35 ಇದರ ದಶಮಾನ ರೂಪವನ್ನೇ ಬಳಸಿತು. ಇವತ್ತಿನ ಅತಿ ಅಗ್ಗದ ಚಿಪ್‌ನಲ್ಲೂ ಇದು ನಡೆಯುತ್ತದೆ.

ನಿಮ್ಮ ಲೆಕ್ಕದ ಎಂಜಿನ್ ಎಷ್ಟು ಗಟ್ಟಿ ಅಂತ ನೋಡಲು ಹವ್ಯಾಸಿಗಳು ಬಳಸುವ ಒಂದು ಪರೀಕ್ಷೆ ಇದೆ. ಡಿಗ್ರಿ ಮೋಡ್‌ನಲ್ಲಿ 9 ಒತ್ತಿ. ಅದರ ಸೈನ್, ಬಂದದ್ದರ ಕೊಸೈನ್, ಬಂದದ್ದರ ಟ್ಯಾನ್. ಆಮೇಲೆ ವಾಪಸ್: ಆರ್ಕ್‌ಟ್ಯಾನ್, ಆರ್ಕ್‌ಕೊಸೈನ್, ಆರ್ಕ್‌ಸೈನ್. ಹೋದ ದಾರಿಯಲ್ಲೇ ಬಂದಿದ್ದೀರಿ, 9 ಸಿಗಬೇಕು. ಆದರೆ ನಡುವೆ ಕೊಸೈನ್ ಬೆಲೆ 0.999996ರ ಹತ್ತಿರ ಬಂದು ಕೂರುತ್ತದೆ. ಅಲ್ಲಿ ಸಂಖ್ಯೆಯ ಮೊದಲ ಐದು ಅಂಕಿ ಬರೀ ಒಂಬತ್ತು. ನಿಜವಾದ ಮಾಹಿತಿ ಇರುವುದು ಬಾಲದಲ್ಲಿ. ಬಾಲ ಮೊಟಕಾದಷ್ಟೂ ಉತ್ತರ 9ರಿಂದ ದೂರ ಹೋಗುತ್ತದೆ. ಫ್ಲೋಟ್ ಆದರೆ ದಶಮಾಂಶದ ಮೊದಲ ಎರಡು ಸ್ಥಾನಗಳಲ್ಲೇ ತಪ್ಪು ಇಣುಕಬಹುದು. ಹತ್ತು ಅಂಕಿಯ ಹಳೆಯ ಎಚ್‌ಪಿಗಳೂ ಸರಿಯಾಗಿ 9 ತೋರಿಸುತ್ತಿರಲಿಲ್ಲ.

ಪರದೆಯ ಆಯ್ಕೆ ಚಿಪ್‌ನ ಆಯ್ಕೆಯನ್ನು ಅರ್ಧ ಮುಗಿಸಿಬಿಡುತ್ತದೆ. ಅಂಗಡಿ ಕ್ಯಾಲ್ಕುಲೇಟರ್‌ನಲ್ಲಿ ಇರುವುದು ಸೆಗ್ಮೆಂಟ್ ಎಲ್‌ಸಿಡಿ, ಅಂದರೆ ಕಡ್ಡಿಯಂಥ ತುಂಡುಗಳಿಂದ ಅಂಕಿ ಮೂಡಿಸುವ ಪರದೆ. ಅದಕ್ಕಿಂತ ಕಡಿಮೆ ಕರೆಂಟ್‌ನ ಪರದೆ ಸಿಗುವುದು ಕಷ್ಟ. ಆದರೆ ಅದರ ಸ್ವಭಾವ ನಾಜೂಕು. ಎಲ್‌ಇಡಿಯ ಹಾಗೆ ಒಂದು ಪಿನ್ ಹೈ ಮಾಡಿ ಬಿಟ್ಟರೆ ಆಗುವುದಿಲ್ಲ. ನೇರ ವೋಲ್ಟೇಜ್ ಬಿಡದೆ ಕೊಟ್ಟರೆ ಒಳಗಿನ ದ್ರವ ಕೆಡುತ್ತದೆ. ಸೆಕೆಂಡಿಗೆ ಹತ್ತಾರು ಸಲ ದಿಕ್ಕು ಬದಲಿಸುತ್ತಾ ಇರಬೇಕು, ಅದೂ ಹಲವು ಹಂತದ ವೋಲ್ಟೇಜ್‌ಗಳಲ್ಲಿ. ಈ ಕೆಲಸ ಚಿಪ್ ಮಲಗಿದ್ದಾಗಲೂ ನಡೆಯುತ್ತಿರಬೇಕು. ಅದಕ್ಕೆ ಎಲ್‌ಸಿಡಿ ಕಂಟ್ರೋಲರ್ ಒಳಗೇ ಇರುವ ಚಿಪ್ ಹುಡುಕಿ. ಎಂಎಸ್‌ಪಿ430ಎಫ್‌ಆರ್6989 ಮತ್ತು ಎಸ್‌ಟಿಎಂ32ಎಲ್476 ಎರಡೂ 320 ಸೆಗ್ಮೆಂಟ್‌ವರೆಗೆ ನಡೆಸುತ್ತವೆ. ಒಳಗೆ ಇಲ್ಲದ ಚಿಪ್ ಆದರೆ ಎಚ್‌ಟಿ1621 ಅನ್ನುವ ಪುಟ್ಟ ಡ್ರೈವರ್ ಸೇರಿಸಬಹುದು, ಅದು 128 ಸೆಗ್ಮೆಂಟ್ ನಡೆಸುತ್ತದೆ. ಗಾಜು, ಅಂದರೆ ಪರದೆಯ ಫಲಕ, ಎಲ್ಲಿಂದ ತರುವುದು ಅನ್ನುವುದೇ ಇಲ್ಲಿ ನಿಜವಾದ ತಲೆನೋವು. ನಮಗೆ ಬೇಕಾದ ಆಕಾರದ ಒಂದೇ ಒಂದು ಗಾಜು ಯಾರೂ ಮಾಡಿಕೊಡುವುದಿಲ್ಲ. ಎಂಎಸ್‌ಪಿ430ಎಫ್‌ಆರ್6989 ಲಾಂಚ್‌ಪ್ಯಾಡ್ ಬೋರ್ಡ್‌ನಲ್ಲಿ ಗಾಜು ಜೊತೆಗೇ ಬರುತ್ತದೆ. ಕಲಿಯಲು ಅದು ಒಳ್ಳೆಯ ದಾರಿ.

16 ಅಕ್ಷರ 2 ಸಾಲಿನ ಹಸಿರು ಪರದೆ ಎಲ್ಲರಿಗೂ ಗೊತ್ತು. ಬ್ಯಾಕ್‌ಲೈಟ್ ಹಚ್ಚಿದರೆ ಬ್ಯಾಟರಿ ಉಳಿಯುವುದಿಲ್ಲ, ಬಹುತೇಕ ಮಾಡ್ಯೂಲ್‌ಗಳಿಗೆ 5 ವೋಲ್ಟ್ ಬೇರೆ ಬೇಕು. ಪುಟ್ಟ ಒಎಲ್‌ಇಡಿ ಕಣ್ಣಿಗೆ ಚೆಂದ, ಆದರೆ ಹೊತ್ತಿದಷ್ಟೂ ಹೊತ್ತು 10-20 ಮಿಲಿ ಆಂಪಿಯರ್ ಕುಡಿಯುತ್ತದೆ. ಅದರ 128×64 ಚುಕ್ಕಿಗಳ ಚಿತ್ರ ರ‍್ಯಾಮ್‌ನಲ್ಲಿ ಇಡಲು 1 ಕಿಲೋಬೈಟ್ ಬೇಕು. ಎಟಿಮೆಗಾ328ಪಿಯಲ್ಲಿ ಇರುವುದೇ 2 ಕಿಲೋಬೈಟ್. ಅರ್ಧ ಮನೆ ಪರದೆಗೇ ಹೋಯಿತು.

ಶಾರ್ಪ್ ಕಂಪನಿಯ ಮೆಮೊರಿ ಎಲ್‌ಸಿಡಿ ಹವ್ಯಾಸಿಗಳ ಪಾಲಿಗೆ ಬಂದ ದೊಡ್ಡ ವರ. ಪ್ರತಿ ಚುಕ್ಕಿಯೂ ತನ್ನ ಸ್ಥಿತಿಯನ್ನು ತಾನೇ ನೆನಪಿಟ್ಟುಕೊಳ್ಳುತ್ತದೆ. ಒಮ್ಮೆ ಬರೆದು ಚಿಪ್ ಮಲಗಿದರೂ ಚಿತ್ರ ಹಾಗೇ ನಿಲ್ಲುತ್ತದೆ. ಸೆಕೆಂಡಿಗೊಮ್ಮೆ ಒಂದು ಸಂಕೇತ ಬದಲಿಸುತ್ತಿದ್ದರೆ ಸಾಕು. ಖರ್ಚು ಮೈಕ್ರೋವ್ಯಾಟ್‌ಗಳ ಲೆಕ್ಕದಲ್ಲಿ. 128×128 ಚುಕ್ಕಿಯ ಪುಟ್ಟದ್ದು 3 ವೋಲ್ಟ್‌ನಲ್ಲೇ ನಡೆಯುತ್ತದೆ. 2.7 ಇಂಚಿನ, 400×240 ಚುಕ್ಕಿಯದ್ದಕ್ಕೆ 5 ವೋಲ್ಟ್ ಬೇಕು. ಅದರ ಪೂರ್ತಿ ಚಿತ್ರಕ್ಕೆ 12,000 ಬೈಟ್. ಹಾಗಾಗಿ ಕನಿಷ್ಠ 20-32 ಕಿಲೋಬೈಟ್ ರ‍್ಯಾಮ್ ಇರುವ ಚಿಪ್ ನೋಡಬೇಕಾಗುತ್ತದೆ.

ಕನ್ನಡ ಅಂಕಿ ತೋರಿಸಬೇಕು ಅನ್ನುವ ಆಸೆ ಇದ್ದರೆ ಈ ಪ್ರಶ್ನೆ ಇನ್ನೂ ಬೇಗ ಬಗೆಹರಿಯುತ್ತದೆ. ಏಳು ಸೆಗ್ಮೆಂಟ್‌ನಲ್ಲಿ ೦ ಒಂದನ್ನು ಹೇಗೋ ಮೂಡಿಸಬಹುದು. ೩, ೪, ೫ರ ಬಳುಕು ಅದಕ್ಕೆ ಬರುವುದಿಲ್ಲ. ಚುಕ್ಕಿಗಳ ಪರದೆಯೇ ಬೇಕು. 16×24 ಚುಕ್ಕಿಯ ಒಂದು ಅಂಕಿಗೆ 48 ಬೈಟ್, ಹತ್ತೂ ಅಂಕಿಗೆ 480 ಬೈಟ್. ಯಾವ ಚಿಪ್‌ಗೂ ಭಾರವಲ್ಲ. ಅದಕ್ಕಿಂತ ಚಿಕ್ಕದಾಗಿ ಬರೆದರೆ ೬ ಮತ್ತು ೯ ಒಂದಕ್ಕೊಂದು ಹೋಲತೊಡಗುತ್ತವೆ. ಲೆಕ್ಕದ ಯಂತ್ರದಲ್ಲಿ ಆ ಗೊಂದಲ ಇರಕೂಡದು.

ಕೀಗಳದ್ದು ಸುಲಭ. 40 ಕೀಗೆ 40 ತಂತಿ ಬೇಡ. ಐದು ಅಡ್ಡ ಸಾಲು, ಎಂಟು ಕಂಬ ಸಾಲು ಮಾಡಿದರೆ 13 ಪಿನ್ ಸಾಕು. ಮಲಗುವ ಮುಂಚೆ ಎಲ್ಲ ಕಂಬ ಸಾಲುಗಳನ್ನೂ ಲೋ ಮಾಡಿ. ಅಡ್ಡ ಸಾಲುಗಳಿಗೆ ಪುಲ್-ಅಪ್ (ಕೀ ಒತ್ತದಿದ್ದಾಗ ಪಿನ್ ಹೈ ಇರುವಂತೆ ಹಿಡಿಯುವ ರೆಸಿಸ್ಟರ್) ಹಾಕಿ, ಅವು ಕೆಳಗೆ ಬಿದ್ದರೆ ಎಬ್ಬಿಸು ಅಂತ ಇಂಟರಪ್ಟ್ ಇಡಿ. ಯಾವ ಕೀ ಒತ್ತಿದರೂ ಚಿಪ್ ಏಳುತ್ತದೆ. ಎದ್ದಮೇಲೆ ಒಂದೊಂದೇ ಕಂಬ ಸಾಲು ನೋಡಿ ಯಾವ ಕೀ ಅಂತ ಪತ್ತೆ ಮಾಡುತ್ತದೆ. ಚಿಪ್ ಆರಿಸುವಾಗ ನೋಡಬೇಕಾದ್ದು ಎರಡೇ. ಒಳಗೇ ಪುಲ್-ಅಪ್ ಇದೆಯಾ? ಗಾಢ ನಿದ್ದೆಯಿಂದ ಎಬ್ಬಿಸುವ ಇಂಟರಪ್ಟ್ ನಿಮಗೆ ಬೇಕಾದ ಎಲ್ಲ ಪಿನ್‌ಗಳಲ್ಲೂ ಇದೆಯಾ? ಇಲ್ಲಿ ಒಂದು ತಿಳಿದಿರಬೇಕಾದ ಸಂಗತಿ: ಆರ್‌ಪಿ2040 ಆದಮೇಲೆ, 2024ರಲ್ಲಿ ಬಂದ ಆರ್‌ಪಿ2350 ಚಿಪ್‌ನ ಮೊದಲ ಆವೃತ್ತಿಗಳಲ್ಲಿ ಪುಲ್-ಡೌನ್ ಹಾಕಿದ ಪಿನ್ ನಡುವಿನ ವೋಲ್ಟೇಜ್‌ನಲ್ಲಿ ಸಿಕ್ಕಿಕೊಳ್ಳುವ ದೋಷ ಇತ್ತು. ತಯಾರಕರೇ ಅದನ್ನು ಪ್ರಕಟಿಸಿದ್ದಾರೆ. ಪುಲ್-ಅಪ್ ಇಟ್ಟು ಕೀಪ್ಯಾಡ್ ಮಾಡಿದರೆ ಅದು ಬಾಧಿಸುವುದಿಲ್ಲ.

ಪಿನ್ ಎಣಿಸುವಾಗ ಪೇಪರ್ ಮೇಲೆ ಬರೆದು ಎಣಿಸಿ. ಎಟಿಮೆಗಾ328ಪಿಯಲ್ಲಿ 23 ಪಿನ್ ಅಂತ ಬರೆದಿರುತ್ತದೆ. ರೀಸೆಟ್‌ಗೆ ಒಂದು, ಕ್ರಿಸ್ಟಲ್ ಹಾಕಿದರೆ ಎರಡು. ಉಳಿದ 20ರಲ್ಲಿ ಕೀಗೆ 13, ಪರದೆಗೆ ನಾಲ್ಕೈದು. ಕೈಯಲ್ಲಿ ಉಳಿಯುವುದು ಎರಡೋ ಮೂರೋ.

ಬ್ಯಾಟರಿ ಬದಲಿಸಿದಾಗ ಮೆಮೊರಿಯಲ್ಲಿ ಇಟ್ಟ ಸಂಖ್ಯೆಗಳು ಉಳಿಯಬೇಕೇ? ಎಟಿಮೆಗಾದ ಇಇಪ್ರಾಮ್‌ಗೆ (ಕರೆಂಟ್ ಹೋದರೂ ಉಳಿಯುವ ಮೆಮೊರಿ) ಒಂದು ಜಾಗದಲ್ಲಿ 1 ಲಕ್ಷ ಸಲ ಬರೆಯಬಹುದು. ಕೇಳಲು ದೊಡ್ಡದು. ಪ್ರತಿ ಕೀಗೂ ಒಂದೇ ಜಾಗಕ್ಕೆ ಬರೆಯುತ್ತಾ ಹೋದರೆ, ದಿನಕ್ಕೆ 500ರಂತೆ 200 ದಿನದಲ್ಲಿ ಮುಗಿಯುತ್ತದೆ. ಆಫ್ ಮಾಡುವಾಗ ಮಾತ್ರ ಬರೆಯಬೇಕು. ಎಂಎಸ್‌ಪಿ430ಎಫ್‌ಆರ್ ಸರಣಿಯಲ್ಲಿ ಫ್ಲ್ಯಾಶ್ ಬದಲು ಎಫ್‌ರ‍್ಯಾಮ್ ಇದೆ. ಕರೆಂಟ್ ಹೋದರೂ ಉಳಿಯುತ್ತದೆ, ಬರೆದು ಸವೆಸುವುದು ಅಸಾಧ್ಯ ಅನ್ನುವಷ್ಟು ಬಾಳಿಕೆ ಬರುತ್ತದೆ. ಎಲ್ಲವನ್ನೂ ಅದರಲ್ಲೇ ಇಟ್ಟು ನಿಶ್ಚಿಂತೆಯಿಂದ ಇರಬಹುದು.

ಇದೆಲ್ಲ ಕಾಗದದ ಮಾತಲ್ಲ ಅನ್ನಲು ಮೂರು ನಿಜವಾದ ಯಂತ್ರಗಳಿವೆ. ಎಚ್‌ಪಿ 20ಬಿ ಮತ್ತು 30ಬಿ ಅನ್ನುವ ಹಣಕಾಸು ಕ್ಯಾಲ್ಕುಲೇಟರ್‌ಗಳ ಒಳಗೆ ಅಟ್ಮೆಲ್‌ನ ಎಟಿ91ಎಸ್‌ಎಎಂ7ಎಲ್128 ಇತ್ತು. 128 ಕಿಲೋಬೈಟ್ ಫ್ಲ್ಯಾಶ್, ಬರೀ 6 ಕಿಲೋಬೈಟ್ ರ‍್ಯಾಮ್, ಒಳಗೇ ಎಲ್‌ಸಿಡಿ ಕಂಟ್ರೋಲರ್. ಹವ್ಯಾಸಿಗಳು ಅದಕ್ಕೆ ಡಬ್ಲ್ಯೂಪಿ 34ಎಸ್ ಅನ್ನುವ ಹೊಸ ಫರ್ಮ್‌ವೇರ್ (ಯಂತ್ರದ ಒಳಗಿನ ಪ್ರೋಗ್ರಾಂ) ಬರೆದರು. ಕೀಗಳ ಮೇಲೆ ಹೊಸ ಸ್ಟಿಕರ್ ಅಂಟಿಸಿದರು. ಡೆಕ್‌ನಂಬರ್ ಬಳಸಿ ದಶಮಾನದಲ್ಲೇ ಲೆಕ್ಕ ಮಾಡುವ ಪೂರ್ತಿ ವೈಜ್ಞಾನಿಕ ಕ್ಯಾಲ್ಕುಲೇಟರ್, 6 ಕಿಲೋಬೈಟ್ ರ‍್ಯಾಮ್‌ನಲ್ಲಿ! ರ‍್ಯಾಮ್ ಸಾಲದು ಅಂತ ಯಾರಾದರೂ ಹೇಳಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಸ್ವಿಟ್ಜರ್ಲೆಂಡಿನ ಸ್ವಿಸ್‌ಮೈಕ್ರೋಸ್ 2017ರಲ್ಲಿ ತಂದ ಡಿಎಂ42 ಕ್ಯಾಲ್ಕುಲೇಟರ್‌ನಲ್ಲಿ ಎಸ್‌ಟಿಎಂ32ಎಲ್476, ಶಾರ್ಪ್ ಮೆಮೊರಿ ಎಲ್‌ಸಿಡಿ, ಒಂದು ಸಿಆರ್2032 ಇವೆ. ಒಳಗೆ ಓಡುವುದು ಫ್ರೀ42 ಅನ್ನುವ ಕ್ಯಾಲ್ಕುಲೇಟರ್ ಪ್ರೋಗ್ರಾಂ, 34 ಅಂಕಿಯ ದಶಮಾನ ಲೆಕ್ಕ. ಚಿಪ್ 80 ಮೆಗಾಹರ್ಟ್ಸ್‌ವರೆಗೆ ಓಡಬಲ್ಲದು, ಆದರೆ ಬ್ಯಾಟರಿಯಲ್ಲಿದ್ದಾಗ 24ಕ್ಕೆ ಇಳಿಸಿದ್ದಾರೆ. ವೇಗ ಇದ್ದೂ ಬಳಸುವುದಿಲ್ಲ. ಅದೇ ವರ್ಷ ಫ್ರಾನ್ಸಿನ ನಮ್‌ವರ್ಕ್ಸ್ ತನ್ನ ಗ್ರಾಫ್ ಕ್ಯಾಲ್ಕುಲೇಟರ್‌ಗೆ ಎಸ್‌ಟಿಎಂ32ಎಫ್412 ಆರಿಸಿತು. 100 ಮೆಗಾಹರ್ಟ್ಸ್, ಬಣ್ಣದ ಪರದೆ, ಪೈಥಾನ್. ಅದಕ್ಕೆ ತಕ್ಕಂತೆ ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿ. ಒಂದೇ ಕಂಪನಿಯ ಎರಡು ಚಿಪ್, ಎರಡು ಬೇರೆ ಉದ್ದೇಶ. ಹೆಸರಿನಲ್ಲಿ ಎಸ್‌ಟಿಎಂ32 ಆದಮೇಲೆ ಬರುವ ಎಲ್ ಅಕ್ಷರ ಕಡಿಮೆ ಕರೆಂಟ್‌ನ ಗುರುತು. ಅದನ್ನು ನೋಡಿ ಕೊಳ್ಳಿ.

ಹಾಗಾದರೆ ನೀವು ಯಾವುದು ತಗೊಳ್ಳಬೇಕು? ನಮ್ಮ ಡಿಪ್ಲೊಮಾ, ಎಂಜಿನಿಯರಿಂಗ್ ಲ್ಯಾಬ್‌ಗಳಲ್ಲಿ 8051 ಕಲಿತವರು ತುಂಬಾ ಜನ. ಆ ಕುಟುಂಬದ ಎಟಿ89ಎಸ್52ರಲ್ಲಿ 8 ಕಿಲೋಬೈಟ್ ಫ್ಲ್ಯಾಶ್, 256 ಬೈಟ್ ರ‍್ಯಾಮ್. ನಾಲ್ಕು ಮೂಲ ಲೆಕ್ಕಗಳ ಬಿಸಿಡಿ ಯಂತ್ರಕ್ಕೆ ಸಾಕು. ಆದರೆ ಅದಕ್ಕೆ 4 ವೋಲ್ಟ್‌ಗೆ ಮೇಲೆ ಬೇಕು, ಬಟನ್ ಸೆಲ್‌ನಲ್ಲಿ ನಡೆಯದು. ಮೇಜಿನ ಮೇಲೆ ಇಟ್ಟು ಅಡಾಪ್ಟರ್‌ನಲ್ಲಿ ಓಡಿಸಿ ಕಲಿಯಲು ಇಟ್ಟುಕೊಳ್ಳಿ. ತೀರಾ ಅಗ್ಗದ ಸಿಎಚ್32ವಿ003 ಚಿಪ್ ಇವತ್ತಿನ ಅಚ್ಚರಿ. ರಿಸ್ಕ್-ವಿ ಕೋರ್, 48 ಮೆಗಾಹರ್ಟ್ಸ್, 16 ಕಿಲೋಬೈಟ್ ಫ್ಲ್ಯಾಶ್, 2 ಕಿಲೋಬೈಟ್ ರ‍್ಯಾಮ್. ಗುಣಾಕಾರದ ಸೂಚನೆ ಇಲ್ಲ. ಕಾರ್ಡಿಕ್ ಬರೆಯಲು ಒಳ್ಳೆಯ ನೆಪ.

ಮೊದಲ ಸಲ ಕಟ್ಟುವವರಿಗೆ ನನ್ನ ಸಲಹೆ ಎವಿಆರ್128ಡಿಬಿ28. ಬ್ರೆಡ್‌ಬೋರ್ಡ್‌ಗೆ ನೇರ ಚುಚ್ಚಬಹುದಾದ 28 ಕಾಲಿನ ಡಿಪ್ ರೂಪದಲ್ಲಿ ಸಿಗುತ್ತದೆ. 128 ಕಿಲೋಬೈಟ್ ಫ್ಲ್ಯಾಶ್, 16 ಕಿಲೋಬೈಟ್ ರ‍್ಯಾಮ್, 1.8ರಿಂದ 5.5 ವೋಲ್ಟ್. ಎರಡು ಎಎಎ ಸೆಲ್ ನೇರವಾಗಿ ಜೋಡಿಸಿ, ರೆಗ್ಯುಲೇಟರ್ ಬೇಡವೇ ಬೇಡ. ಪುಟ್ಟ ಮೆಮೊರಿ ಎಲ್‌ಸಿಡಿಗೆ 2 ಕಿಲೋಬೈಟ್ ಕೊಟ್ಟರೂ ರ‍್ಯಾಮ್ ಮಿಗುತ್ತದೆ. ಒಂದೇ ಜಾಗ್ರತೆ: ಸೆಲ್‌ಗಳ ವೋಲ್ಟೇಜ್ ಆ ಪರದೆ ತಡೆಯುವ ಮಿತಿ ಮೀರಬಾರದು, ಅದರ ಡೇಟಾಶೀಟ್ ನೋಡಿಕೊಳ್ಳಿ. ಸೆಗ್ಮೆಂಟ್ ಗಾಜು, ವರ್ಷಗಟ್ಟಲೆ ಬರುವ ಬ್ಯಾಟರಿ ಬೇಕೆಂದರೆ ಎಂಎಸ್‌ಪಿ430ಎಫ್‌ಆರ್6989. 34 ಅಂಕಿ, ದೊಡ್ಡ ಪರದೆ, ಮುಂದೆ ಬೆಳೆಸುವ ಆಸೆ ಇದ್ದರೆ ಎಸ್‌ಟಿಎಂ32ಎಲ್476. ಅದು ಕಾಲುಗಳ ನಡುವೆ ಅರ್ಧ ಮಿಲಿಮೀಟರ್ ಅಂತರದ ಚೌಕ ಪೊಟ್ಟಣದಲ್ಲಿ ಬರುತ್ತದೆ. ಫ್ಲಕ್ಸ್ ಧಾರಾಳವಾಗಿ ಹಾಕಿ, ತೆಳು ತುದಿಯ ಐರನ್‌ನಿಂದ ಕೈಯಲ್ಲೇ ಬೆಸೆಯಬಹುದು. ಅಂಚಿನ ಕಾಲುಗಳನ್ನು ಮೊದಲು ಹಿಡಿಸಿ, ನೇರ ಇದೆಯೇ ಅಂತ ಭೂತಗನ್ನಡಿಯಲ್ಲಿ ನೋಡಿ, ಆಮೇಲೆ ಉಳಿದದ್ದು. ಕಾಲೇ ಕಾಣದ ಕ್ಯೂಎಫ್‌ಎನ್ ಪೊಟ್ಟಣ ಸದ್ಯಕ್ಕೆ ಬೇಡ.

ಬೆಂಗಳೂರಿನವರಾದರೆ ಎಸ್‌ಪಿ ರೋಡಿನಲ್ಲಿ ಕೀ ಸ್ವಿಚ್, ಬ್ರೆಡ್‌ಬೋರ್ಡ್, ಸಾದಾ ಎಟಿಮೆಗಾ ಎಲ್ಲ ಸಿಗುತ್ತವೆ. ಇಂಥ ನಿರ್ದಿಷ್ಟ ಚಿಪ್‌ಗಳನ್ನು ಮಾತ್ರ ಅಧಿಕೃತ ವಿತರಕರಿಂದಲೇ ತರಿಸಿ. ನಕಲಿ ಚಿಪ್ ಲೆಕ್ಕವನ್ನೇನೋ ಸರಿಯಾಗಿಯೇ ಮಾಡಬಹುದು, ನಿದ್ದೆಯ ಕರೆಂಟ್ ಮಾತ್ರ ಡೇಟಾಶೀಟ್‌ಗೆ ಹೊಂದುವುದಿಲ್ಲ. ತಿಂಗಳುಗಟ್ಟಲೆ ನಿಮ್ಮದೇ ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಕೂರಬೇಕಾಗುತ್ತದೆ. ಚಿಪ್ ಬಂದ ದಿನವೇ ಒಂದು ಕೆಲಸ ಮಾಡಿ. ಪರದೆ ಬೇಡ, ಕೀ ಬೇಡ. ಮಲಗಿಸುವ ಪ್ರೋಗ್ರಾಂ ಮಾತ್ರ ಹಾಕಿ, ಸೆಲ್‌ನ ಸಾಲಿನಲ್ಲಿ ಮಲ್ಟಿಮೀಟರನ್ನು ಮೈಕ್ರೋ ಆಂಪಿಯರ್‌ಗೆ ಇಟ್ಟು ನೋಡಿ. ಹತ್ತಾರು ಮೈಕ್ರೋ ಆಂಪಿಯರ್ ತೋರಿಸಿದರೆ ಬಹುತೇಕ ಸಲ ಕಾರಣ ತೇಲುತ್ತಾ ಬಿಟ್ಟ ಪಿನ್‌ಗಳು. ಒಂದೊಂದನ್ನೇ ಪುಲ್-ಅಪ್ ಮಾಡುತ್ತಾ ಬನ್ನಿ, ಮೀಟರಿನ ಅಂಕಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು ಕಾಣುತ್ತದೆ.

ನನ್ನ ಮೇಜಿನ ಮೇಲೆ ಈಗ ಇರುವುದು ಎಸ್‌ಟಿಎಂ32ಎಲ್476, 400×240ರ ಮೆಮೊರಿ ಎಲ್‌ಸಿಡಿ, 40 ಕೀ. ನಿದ್ದೆಯಲ್ಲಿ ಮೀಟರ್ 4 ಮೈಕ್ರೋ ಆಂಪಿಯರ್ ತೋರಿಸುತ್ತಿದೆ, ಪರದೆಯನ್ನು ಬಿಟ್ಟು. ಅಲ್ಪವಿರಾಮಗಳನ್ನು ಸಾವಿರಕ್ಕೊಂದರಂತೆ ಅಲ್ಲ, ನಮ್ಮ ಲಕ್ಷ ಕೋಟಿಯ ಪದ್ಧತಿಯಂತೆ ಹಾಕಿದ್ದೇನೆ. ಒಂದು ಕೀ ಒತ್ತಿದರೆ ಅಂಕಿಗಳು ಕನ್ನಡಕ್ಕೆ ತಿರುಗುತ್ತವೆ. ನಿನ್ನೆ ರಾತ್ರಿ ೧,೬೭,೭೭,೨೧೬ ಒತ್ತಿ, ಒಂದು ಕೂಡಿಸಿದೆ. ಕೊನೆಯ ೬ ಮಾತ್ರ ಮಾಯವಾಗಿ ಅದೇ ಜಾಗದಲ್ಲಿ ೭ ಬಂದು ನಿಂತಿತು.